ಹಳೆಯ ಸೂಪರ್‌ಹೀರೋ ಮತ್ತು ಸೈನ್ಸ್ ಫಿಕ್ಷನ್ ಕಾಮಿಕ್ಸ್ ಓದುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸೂಪರ್‌ಮ್ಯಾನ್ ಸಿನಿಮಾ ಮೆಚ್ಚಿದವರು ಅವನ ಮೊಟ್ಟಮೊದಲ ಕಾಮಿಕ್ಸ್ ಹುಡುಕಿಕೊಂಡು ಓದಲು ಕೂರುತ್ತಾರೆ. ನಾಲ್ಕು ಪುಟ ದಾಟುವಷ್ಟರಲ್ಲಿ ಆಕಳಿಕೆ ಶುರು. ಬಣ್ಣ ಮಂಕು, ಮಾತು ಜಾಸ್ತಿ, ಕಥೆ ಎಲ್ಲೋ ಶುರುವಾಗಿ ಎಲ್ಲೋ ನಿಲ್ಲುತ್ತದೆ. ಸಾಲದ್ದಕ್ಕೆ ಸೂಪರ್‌ಮ್ಯಾನ್‌ಗೆ ಹಾರಲೂ ಬರುವುದಿಲ್ಲ. ‘ಇದಕ್ಕಾ ಇಷ್ಟು ಹೆಸರು?’ ಅಂತ ಪಕ್ಕಕ್ಕಿಡುತ್ತಾರೆ.

ಇವು ಪುಸ್ತಕವಾಗಲಿ ಎಂದು ಯಾರೂ ಬರೆದ ಕಥೆಗಳಲ್ಲ. ಅಮೆರಿಕದ ಪೇಪರ್ ಅಂಗಡಿಯಲ್ಲಿ 10 ಸೆಂಟಿಗೆ ಮಾರಾಟವಾಗಿ, ಓದಿದ ಮೇಲೆ ರದ್ದಿಗೆ ಹೋಗಬೇಕಿದ್ದ ಪತ್ರಿಕೆಗಳು. ಪ್ರತಿ ಕಥೆಗೂ ಇಷ್ಟೇ ಪುಟ ಎಂಬ ಲೆಕ್ಕ ಇತ್ತು. ಹಿಂದಿನ ಸಂಚಿಕೆ ಓದದ ಹುಡುಗನಿಗೂ ಎಲ್ಲವೂ ಅರ್ಥವಾಗಬೇಕಿತ್ತು. ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ ಪುಟಕ್ಕಿಷ್ಟು ಎಂದು ಕಾಸು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಕಥೆ, ಪುಟದ ಲೆಕ್ಕ ನೋಡುತ್ತಾ ಓದಿದರೆ ರುಚಿ ಹತ್ತುತ್ತದೆ. ಈ ಬರಹದಲ್ಲಿರುವುದು ಆ ಥರ ಓದುವ ಕ್ರಮ.

ಹಂತ 1: ಕಾಲದ ಲೆಕ್ಕ ಇಟ್ಟುಕೊಳ್ಳಿ

ತುಂಬಾ ಇತಿಹಾಸ ಬೇಡ. ಐದು ಇಸವಿ ನೆನಪಿದ್ದರೆ ಸಾಕು.

1938: ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದ. ಮರುವರ್ಷ ಬ್ಯಾಟ್‌ಮ್ಯಾನ್, 1941ರಲ್ಲಿ ಕ್ಯಾಪ್ಟನ್ ಅಮೆರಿಕ, ಅದೇ ವರ್ಷದ ಕೊನೆಗೆ ವಂಡರ್ ವುಮನ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಮುಸುಕಿನ ವೀರರ ಮಾರಾಟ ಬಿದ್ದುಹೋಯಿತು. 1950: ಇ.ಸಿ. ಎಂಬ ಸಣ್ಣ ಕಂಪನಿ ‘ವಿಯರ್ಡ್ ಸೈನ್ಸ್’, ‘ವಿಯರ್ಡ್ ಫ್ಯಾಂಟಸಿ’ ಶುರು ಮಾಡಿತು. ಸೈನ್ಸ್ ಫಿಕ್ಷನ್ ಕಾಮಿಕ್ಸ್‌ಗೆ ಬುದ್ಧಿ ಬಂದದ್ದು ಇಲ್ಲಿಂದ ಎನ್ನುವುದು ನನ್ನ ಅಭಿಪ್ರಾಯ. 1954: ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದರು, ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹಾಕಿಕೊಂಡರು. 1956: ‘ಶೋಕೇಸ್’ ನಾಲ್ಕನೇ ಸಂಚಿಕೆಯಲ್ಲಿ ಹೊಸ ಫ್ಲ್ಯಾಶ್ ಎಂಬ ವೇಗದ ವೀರ ಓಡಿ ಬಂದ, ಸೂಪರ್‌ಹೀರೋಗಳಿಗೆ ಮರುಜನ್ಮ. 1961: ‘ಫೆಂಟಾಸ್ಟಿಕ್ ಫೋರ್’, ಮುಂದಿನ ವರ್ಷ ಸ್ಪೈಡರ್‌ಮ್ಯಾನ್.

1938ರಿಂದ 1950ರ ಸುಮಾರಿನವರೆಗೆ ‘ಗೋಲ್ಡನ್ ಏಜ್’, 1956ರ ನಂತರದ್ದು ‘ಸಿಲ್ವರ್ ಏಜ್’ ಅನ್ನುವುದು ರೂಢಿ. ಗಡಿರೇಖೆ ಎಲ್ಲಿ ಅಂತ ಜಗಳ ಆಡುವವರು ಈಗಲೂ ಇದ್ದಾರೆ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಎಲ್ಲಿ ಸಿಗುತ್ತದೆ, ಯಾವುದು ಪುಕ್ಕಟೆ

ಅಮೆರಿಕದ ಹಳೆಯ ಕಾನೂನಿನಲ್ಲಿ ಒಂದು ವಿಶೇಷ ಇತ್ತು. 1964ಕ್ಕೆ ಮುಂಚೆ ಪ್ರಕಟವಾದ ಕೃತಿಯ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕು. ಇಲ್ಲದಿದ್ದರೆ ಅಲ್ಲಿ ಅದು ಸಾರ್ವಜನಿಕರ ಸ್ವತ್ತು. ಅಷ್ಟು ಹೊತ್ತಿಗೆ ಬಾಗಿಲು ಹಾಕಿದ್ದ ಎಷ್ಟೋ ಕಂಪನಿಗಳಲ್ಲಿ ನವೀಕರಿಸುವವರೇ ಇರಲಿಲ್ಲ. ಹೀಗೆ ಹಕ್ಕು ತಪ್ಪಿದ ಸಾವಿರಾರು ಸಂಚಿಕೆಗಳು ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ ಮತ್ತು ‘ಕಾಮಿಕ್ ಬುಕ್ ಪ್ಲಸ್’ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. 1940ರಿಂದ 1953ರವರೆಗೆ ಫಿಕ್ಷನ್ ಹೌಸ್ ಕಂಪನಿ 73 ಸಂಚಿಕೆ ತಂದ ‘ಪ್ಲಾನೆಟ್ ಕಾಮಿಕ್ಸ್’ ಇಲ್ಲಿ ಓದಬೇಕಾದ್ದು. ಫ್ಲೆಚರ್ ಹ್ಯಾಂಕ್ಸ್ ಬಿಡಿಸಿದ ‘ಸ್ಟಾರ್‌ಡಸ್ಟ್’ ಕಥೆಗಳನ್ನೂ ಹುಡುಕಿ. ಆ ಸೂಪರ್ ಮಾಂತ್ರಿಕ ಖಳರಿಗೆ ಕೊಡುವ ಶಿಕ್ಷೆ ನೋಡಿದರೆ ನಗಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳ ಡಿ.ಸಿ., ಸ್ಪೈಡರ್‌ಮ್ಯಾನ್ ಕಥೆಗಳ ಮಾರ್ವೆಲ್, ಈ ಎರಡು ಕಂಪನಿಗಳ ಕಥೆಗಳು ಹೀಗೆ ಸಿಗುವುದಿಲ್ಲ. ಅವರು ಹಕ್ಕು ಬಿಟ್ಟವರಲ್ಲ. ಸೂಪರ್‌ಮ್ಯಾನ್‌ನ ಆ ಮೊದಲ ಕಥೆ ಅಮೆರಿಕದಲ್ಲಿ ಬಿಡುಗಡೆಯಾಗಬೇಕಾದರೆ 2034ರ ಜನವರಿ ಬರಬೇಕು. ಅಲ್ಲಿಯವರೆಗೆ ಅವರದೇ ಆ್ಯಪ್‌ಗಳು, ಇಲ್ಲವೇ ಮರುಮುದ್ರಣಗಳು. ‘ಮಾರ್ವೆಲ್ ಮಾಸ್ಟರ್‌ವರ್ಕ್ಸ್’ 1987ರಿಂದ, ‘ಡಿ.ಸಿ. ಆರ್ಕೈವ್ಸ್’ 1989ರಿಂದ ಬಂದವು. ಹಳೆ ಪುಸ್ತಕದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಮರುಮುದ್ರಣದಲ್ಲಿ ಒಂದು ತೊಂದರೆ ಇದೆ. ಅಂದಿನ ಬಣ್ಣ ಒರಟು ನ್ಯೂಸ್‌ಪ್ರಿಂಟ್ ಕಾಗದಕ್ಕೆ ಲೆಕ್ಕ ಹಾಕಿದ್ದು. ಕೆಂಪು, ಹಳದಿ, ನೀಲಿ ಮೂರೇ ಶಾಯಿ, ಪ್ರತಿಯೊಂದರಲ್ಲೂ ಕಾಲು, ಅರ್ಧ, ಪೂರ್ತಿ ಎಂಬ ಮೂರು ಹದ, ಯಾವುದೂ ಹಾಕದೆ ಬಿಡುವುದು ಒಂದು. ಎಲ್ಲ ಸೇರಿಸಿ 64 ಬಣ್ಣ, ಮೇಲೆ ಕಪ್ಪು ಗೆರೆ. ಕಾಗದ ಶಾಯಿ ಹೀರಿ ಬಣ್ಣ ತಣ್ಣಗಾಗುತ್ತಿತ್ತು. ಅದೇ ಬಣ್ಣವನ್ನು ಇವತ್ತು ನುಣುಪು ಕಾಗದದ ಮೇಲೆ ಅಚ್ಚು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಆದಷ್ಟೂ ಹಳೆ ಪ್ರತಿಯ ಸ್ಕ್ಯಾನ್ ಓದಿ. ಹಳದಿಗಟ್ಟಿದ ಅಂಚು, ಚುಕ್ಕೆ ಚುಕ್ಕೆ ಬಣ್ಣ ಕಾಣಲಿ. ಮೊಬೈಲ್‌ನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಇರುತ್ತದಲ್ಲ, ಅದನ್ನು ಆಫ್ ಮಾಡಿ. ಪುಟ ಇಡಿಯಾಗಿ ಕಾಣಬೇಕು. ಟ್ಯಾಬ್ ಇದ್ದರೆ ಒಳ್ಳೆಯದು.

ಹಂತ 3: ಸೂಪರ್‌ಹೀರೋ ಆಮೇಲೆ, ಮೊದಲು ಸಣ್ಣ ಸೈನ್ಸ್ ಫಿಕ್ಷನ್ ಕಥೆ

ಇದು ಬಹಳ ಜನ ಹೇಳುವುದಕ್ಕೆ ಉಲ್ಟಾ. ಆದರೂ ನನ್ನ ಸಲಹೆ ಇದೇ. ಇ.ಸಿ.ಯ ಕಥೆಗಳು ಆರರಿಂದ ಎಂಟು ಪುಟ. ಹಿಂದೆ ಮುಂದೆ ಏನೂ ಗೊತ್ತಿರಬೇಕಿಲ್ಲ. ಕೊನೆಯ ಚೌಕದಲ್ಲಿ ಒಂದು ತಿರುವು. ಹಳೆ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

‘ಜಡ್ಜ್‌ಮೆಂಟ್ ಡೇ’ ತೆಗೆದುಕೊಳ್ಳಿ. ‘ವಿಯರ್ಡ್ ಫ್ಯಾಂಟಸಿ’ 18ನೇ ಸಂಚಿಕೆ, ಮಾರ್ಚ್–ಏಪ್ರಿಲ್ 1953. ಬರೆದವರು ಆಲ್ ಫೆಲ್ಡ್‌ಸ್ಟೀನ್, ಚಿತ್ರ ಜೋ ಒರ್ಲಾಂಡೊ. ಏಳೇ ಪುಟ. ಕಥೆ ಹೇಳಿದರೆ ತಿರುವು ಬಿಟ್ಟುಕೊಟ್ಟ ಹಾಗೆ, ಹಾಗಾಗಿ ಮೊದಲೇ ಓದಬೇಕೆನ್ನುವವರು ಇಲ್ಲಿಂದ ನೇರ ನಾಲ್ಕನೇ ಹಂತಕ್ಕೆ ಹೋಗಿ.

ಭೂಮಿಯಿಂದ ಟಾರ್ಲ್‌ಟನ್ ಎಂಬ ಅಧಿಕಾರಿ ಯಂತ್ರಮಾನವರ ಗ್ರಹಕ್ಕೆ ಬರುತ್ತಾನೆ. ಅವರನ್ನು ನಕ್ಷತ್ರಗಳ ಗಣರಾಜ್ಯಕ್ಕೆ ಸೇರಿಸಿಕೊಳ್ಳಬಹುದೇ ಎಂದು ತಪಾಸಣೆ. ಕಿತ್ತಳೆ ಬಣ್ಣದ ರೋಬೋಟ್‌ಗಳು ಅವನನ್ನು ಹೆಮ್ಮೆಯಿಂದ ಊರು ಸುತ್ತಿಸುತ್ತವೆ. ನೀಲಿ ರೋಬೋಟ್‌ಗಳು ಎಲ್ಲಿ? ಅವಕ್ಕೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಸೀಟು, ಕೆಳಗಿನ ಕೆಲಸ. ಟಾರ್ಲ್‌ಟನ್ ಕಾರ್ಖಾನೆ ನೋಡುತ್ತಾನೆ. ಎರಡು ಬಣ್ಣದವಕ್ಕೂ ಒಳಗಿನ ಭಾಗ ಒಂದೇ. ವ್ಯತ್ಯಾಸ ಹೊರಗಿನ ತಗಡಿನಲ್ಲಿ, ಮತ್ತು ಆಮೇಲೆ ಅವಕ್ಕೆ ಕಲಿಸುವ ಪಾಠದಲ್ಲಿ. ನೀವಿನ್ನೂ ಸಿದ್ಧರಾಗಿಲ್ಲ ಎಂದು ಹೇಳಿ ಅವನು ಹೊರಡುತ್ತಾನೆ. ಹಡಗಿನಲ್ಲಿ ಮೊದಲ ಸಲ ಹೆಲ್ಮೆಟ್ ತೆಗೆಯುತ್ತಾನೆ. ಕೊನೆಯ ಚೌಕದಲ್ಲಿ ಅವನ ಮುಖ: ಕಪ್ಪು ಮನುಷ್ಯ, ಮುಖದ ಮೇಲೆ ಬೆವರ ಹನಿ ಮಿನುಗುತ್ತಿವೆ.

ಈಗ ಎರಡನೇ ಸಲ ಓದಿ, ಹೆಲ್ಮೆಟ್ ಮೇಲೆ ಕಣ್ಣಿಟ್ಟು. ಪುಟದಿಂದ ಪುಟಕ್ಕೆ ಅದು ಮುಖ ಮುಚ್ಚಿಕೊಂಡೇ ಇದೆ. ಬಾಹ್ಯಾಕಾಶದ ಕಥೆಯಲ್ಲಿ ಹೆಲ್ಮೆಟ್ ಇರುವುದು ಸಹಜ ಅಂತ ನಮಗೆ ಅನುಮಾನವೇ ಬಂದಿರುವುದಿಲ್ಲ. ಕಣ್ಣೆದುರಿಗೇ ಬಚ್ಚಿಟ್ಟಿದ್ದಾರೆ. ಬಣ್ಣವೂ ಇಲ್ಲಿ ಬರೀ ಅಲಂಕಾರ ಅಲ್ಲ, ಕಿತ್ತಳೆ–ನೀಲಿ ಇಲ್ಲದಿದ್ದರೆ ಕಥೆಯೇ ಇಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಬಸ್ಸಿನ ಹಿಂದೆ ಕೂರಬೇಕಿದ್ದ ಕಾಲದಲ್ಲಿ, 10 ಸೆಂಟಿನ ಮಕ್ಕಳ ಪತ್ರಿಕೆಯಲ್ಲಿ ಇದು ಬಂತು.

ಮುಂದಿನ ಕಥೆ ಇನ್ನೂ ರಸವತ್ತಾಗಿದೆ. ಕೋಡ್ ಬಂದ ಮೇಲೆ, 1956ರಲ್ಲಿ, ಇ.ಸಿ. ಈ ಕಥೆಯನ್ನು ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ 33ರಲ್ಲಿ ಮತ್ತೆ ಹಾಕಲು ಹೊರಟಿತು. ಕೋಡ್ ನೋಡಿಕೊಳ್ಳುತ್ತಿದ್ದ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ, ಆ ಮನುಷ್ಯ ಕಪ್ಪಗಿರುವಂತಿಲ್ಲ ಎಂದರು. ಕಪ್ಪಗಿಲ್ಲದಿದ್ದರೆ ಕಥೆಗೆ ಅರ್ಥವೇ ಇಲ್ಲವಲ್ಲ! ಆಮೇಲೆ ಬೆವರ ಹನಿಯನ್ನಾದರೂ ತೆಗೆಯಿರಿ ಎಂಬ ಮಾತು ಬಂತು. ಪ್ರಕಾಶಕ ಬಿಲ್ ಗೇನ್ಸ್ ಒಪ್ಪಲಿಲ್ಲ, ಇದ್ದ ಹಾಗೇ ಅಚ್ಚು ಹಾಕಿದರು. ಇ.ಸಿ. ತಂದ ಕೊನೆಯ ಬಣ್ಣದ ಕಾಮಿಕ್ಸ್ ಅದೇ.

ಇದು ಹಿಡಿಸಿದರೆ ವಾಲಿ ವುಡ್ ಚಿತ್ರ ಬಿಡಿಸಿದ ಇ.ಸಿ. ಕಥೆಗಳಿಗೆ ಹೋಗಿ. ರಾಕೆಟ್ ಒಳಗಿನ ಮೀಟರು, ಕೊಳವೆ, ನೆರಳು ಎಲ್ಲವನ್ನೂ ಅವರು ಬಿಡಿಸುವ ರೀತಿಗೆ ಕಣ್ಣು ಅಲ್ಲೇ ನಿಲ್ಲುತ್ತದೆ. ಹೆಸರಾಂತ ಸೈನ್ಸ್ ಫಿಕ್ಷನ್ ಲೇಖಕ ರೇ ಬ್ರಾಡ್‌ಬರಿಯ ಕಥೆಗಳೂ ಇ.ಸಿ.ಯಲ್ಲಿವೆ. ಮೊದಲು ಹೇಳದೆ ಕೇಳದೆ ಅವರ ಎರಡು ಕಥೆ ಸೇರಿಸಿ ಒಂದು ಮಾಡಿಕೊಂಡಿದ್ದರು. ಬ್ರಾಡ್‌ಬರಿ ಕೂಗಾಡಲಿಲ್ಲ. ‘ನನ್ನ 50 ಡಾಲರ್ ಕಳಿಸುವುದನ್ನು ಮರೆತಿದ್ದೀರಿ’ ಎಂಬ ಧಾಟಿಯಲ್ಲಿ ನಯವಾಗಿ ಪತ್ರ ಬರೆದರು. ಹಣವೂ ಬಂತು, ಮುಂದೆ ಒಪ್ಪಿಗೆ ಪಡೆದೇ ಬೇರೆ ಕಥೆಗಳೂ ಬಂದವು.

ಹಂತ 4: ಕಥೆಗೆ ಮುಂಚೆ ಸಂಚಿಕೆಯನ್ನು ನೋಡಿ

ಮುಖಪುಟದ ತಿಂಗಳನ್ನು ನಂಬಬೇಡಿ. ಜೂನ್ 1938 ಎಂದಿರುವ ‘ಆ್ಯಕ್ಷನ್ ಕಾಮಿಕ್ಸ್’ ಅಂಗಡಿಗೆ ಬಂದದ್ದು ಏಪ್ರಿಲ್‌ನಲ್ಲಿ. ಪತ್ರಿಕೆ ಹಳೆಯದು ಅನ್ನಿಸದೆ ಅಂಗಡಿಯಲ್ಲಿ ಜಾಸ್ತಿ ದಿನ ಇರಲಿ ಎಂದು ಮುಂದಿನ ತಿಂಗಳು ಹಾಕುತ್ತಿದ್ದರು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕ್ಯಾಪ್ಟನ್ ಅಮೆರಿಕ ಹಿಟ್ಲರ್‌ನ ದವಡೆಗೆ ಗುದ್ದುವ ಮುಖಪುಟದ ಮೇಲಿರುವುದು ಮಾರ್ಚ್ 1941. ಅದು ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಅಂದರೆ ಪರ್ಲ್ ಹಾರ್ಬರ್ ಮೇಲಿನ ಜಪಾನ್ ದಾಳಿಗೆ ಸುಮಾರು ಒಂದು ವರ್ಷ ಮುಂಚೆ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗ. ಈ ಪಾತ್ರವನ್ನು ಹುಟ್ಟುಹಾಕಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಮನೆತನದವರು. ಆ ಗುದ್ದು ಎಷ್ಟು ಬೇಗ ಬಂತು ಎನ್ನುವುದು ತಿಂಗಳ ಲೆಕ್ಕದಿಂದ ತಿಳಿಯುತ್ತದೆ.

ಪ್ರಕಾಶಕರ ವಿವರ ಇರುವ ಸಣ್ಣ ಅಕ್ಷರದ ಪ್ಯಾರಾ ಮುಖಪುಟದ ಒಳಬದಿಯಲ್ಲೋ ಮೊದಲ ಪುಟದ ಕೆಳಗೋ ಇರುತ್ತದೆ. ಸರಿಯಾದ ಹೆಸರು, ಸಂಖ್ಯೆ, ಇಸವಿ ಅಲ್ಲೇ ನೋಡಿ. ಮಧ್ಯೆ ಎಲ್ಲೋ ಚಿತ್ರವೇ ಇಲ್ಲದ, ಬರೀ ಅಕ್ಷರದ ಎರಡು ಪುಟ ಸಿಗುತ್ತದೆ. ನಿಯತಕಾಲಿಕೆ ಎನಿಸಿಕೊಂಡರೆ ಅಂಚೆ ದರ ಕಮ್ಮಿ, ಅದಕ್ಕೆ ಓದುವ ಪುಟ ಇರಲೇಬೇಕಿತ್ತು. ಅವುಗಳಲ್ಲಿ ಹೆಚ್ಚಿನವು ಸುಮ್ನೆ ಜಾಗ ತುಂಬಿಸಿದ ಕಥೆಗಳು, ಬಿಟ್ಟರೂ ನಷ್ಟ ಇಲ್ಲ. ಜಾಹೀರಾತು ಮಾತ್ರ ಬಿಡಬೇಡಿ. ಮೈಕಟ್ಟು ಬೆಳೆಸುವ ಕೋರ್ಸು, ಅಂಚೆಯಲ್ಲಿ ಬರುವ ಆಟಿಕೆ: ಓದುಗ ಯಾರು, ಅವನ ಜೇಬಿನಲ್ಲಿ ಎಷ್ಟಿತ್ತು, ಎಲ್ಲ ಅಲ್ಲಿದೆ.

ಇನ್ನೊಂದು ಆಟ ಇದೆ. ಡಿ.ಸಿ.ಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಎಷ್ಟೋ ಸಲ ಮೊದಲು ಮುಖಪುಟದ ಚಿತ್ರ ಮಾಡಿಸಿ, ಆಮೇಲೆ ಅದಕ್ಕೆ ತಕ್ಕ ಕಥೆ ಬರೆಸುತ್ತಿದ್ದರು. 1951ರಲ್ಲಿ ‘ಸ್ಟ್ರೇಂಜ್ ಅಡ್ವೆಂಚರ್ಸ್’ನ ಒಂದು ಸಂಚಿಕೆಯ ಮುಖಪುಟದಲ್ಲಿ ಗೊರಿಲ್ಲಾ ಇತ್ತು, ಜೋರಾಗಿ ಮಾರಾಟವಾಯಿತು. ಆಮೇಲೆ ಡಿ.ಸಿ. ಮುಖಪುಟಗಳಲ್ಲಿ ಗೊರಿಲ್ಲಾಗಳದ್ದೇ ದರ್ಬಾರು. ಆದ್ದರಿಂದ ಶ್ವಾರ್ಟ್ಸ್ ಪತ್ರಿಕೆ ಸಿಕ್ಕಿದರೆ ಮುಖಪುಟ ನೋಡಿ, ಈ ಅಸಂಬದ್ಧಕ್ಕೆ ಬರಹಗಾರ ಏನು ಕಾರಣ ಕೊಟ್ಟಿರಬಹುದು ಎಂದು ಊಹಿಸಿ, ಆಮೇಲೆ ಒಳಗೆ ಹೋಗಿ.

ಹಂತ 5: ಒಂದು ಪುಟವನ್ನು ಎರಡು ಸಲ ಓದಿ

ಮೊದಲ ಸಲ ಚಿತ್ರ ಮಾತ್ರ. ಮಾತಿನ ಬಲೂನು, ಮೇಲಿನ ನಿರೂಪಣೆಯ ಹಳದಿ ಪಟ್ಟಿ ಯಾವುದನ್ನೂ ಓದಬೇಡಿ. ಎರಡನೇ ಸಲ ಅಕ್ಷರ. ಎರಡೂ ಒಂದೇ ಮಾತು ಹೇಳುತ್ತಿವೆಯೇ, ಬೇರೆ ಬೇರೆಯೇ ಎಂದು ನೋಡಿ.

ಇದು ಯಾಕೆ ಅಂದರೆ ಪುಟ ತಯಾರಾದ ಕ್ರಮ ಎಲ್ಲ ಕಡೆ ಒಂದೇ ಇರಲಿಲ್ಲ. ಇ.ಸಿ.ಯಲ್ಲಿ ಫೆಲ್ಡ್‌ಸ್ಟೀನ್ ಮಾತುಗಳನ್ನು ನೇರವಾಗಿ ಹಾಳೆಯ ಮೇಲೇ ಬರೆಯುತ್ತಿದ್ದರು. ಅಚ್ಚಿನಂಥ ಅಕ್ಷರ ತುಂಬಿದ ಮೇಲೆ ಹಾಳೆ ಚಿತ್ರಗಾರನ ಕೈಗೆ. ಉಳಿದ ಜಾಗದಲ್ಲಿ ಅವನು ಚಿತ್ರ ಬಿಡಿಸಬೇಕು. ಅದಕ್ಕೇ ಅಲ್ಲಿ ಅಕ್ಷರದ ಭಾರ. 1960ರ ದಶಕದ ಮಾರ್ವೆಲ್‌ನಲ್ಲಿ ಪೂರ್ತಿ ಉಲ್ಟಾ. ಬರಹಗಾರ ಸ್ಟ್ಯಾನ್ ಲೀ ಕಥೆಯ ಎಳೆ ಮಾತ್ರ ಹೇಳುತ್ತಿದ್ದರು. ಚಿತ್ರಗಾರರಾದ ಕರ್ಬಿಯೋ ಸ್ಟೀವ್ ಡಿಟ್ಕೊನೋ ಇಡೀ ಕಥೆಯನ್ನು ಚಿತ್ರದಲ್ಲಿ ಬಿಡಿಸಿ ತಂದ ಮೇಲೆ ಬಲೂನಿಗೆ ಮಾತು ತುಂಬುವುದು. ಹಾಗಾಗಿ ಮಾರ್ವೆಲ್ ಪುಟವನ್ನು ಮಾತಿಲ್ಲದೆ ಓದಿದರೂ ಮುಕ್ಕಾಲು ಕಥೆ ಅರ್ಥವಾಗುತ್ತದೆ. 1962ರ ‘ಅಮೇಜಿಂಗ್ ಫ್ಯಾಂಟಸಿ’ 15ರಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ 11 ಪುಟಗಳ ಮೇಲೆ ಇದನ್ನು ಮಾಡಿ ನೋಡಿ. ಸ್ಪೈಡರ್‌ಮ್ಯಾನ್ ಆಗಲಿರುವ ಹುಡುಗ ಪೀಟರ್‌ನ ಬಗ್ಗಿದ ಬೆನ್ನು, ಕನ್ನಡಕ, ಉಳಿದ ಹುಡುಗರ ಗುಂಪಿನಿಂದ ಅವನು ನಿಂತಿರುವ ದೂರ. ಡಿಟ್ಕೊ ಎಲ್ಲ ಹೇಳಿಯಾಗಿದೆ.

ಈಗ ಆ ‘ಬೋರು’ ಹೊಡೆಸಿದ ಮೊದಲ ಸೂಪರ್‌ಮ್ಯಾನ್ ಕಥೆಗೆ ಬನ್ನಿ. ಕ್ಲೀವ್‌ಲ್ಯಾಂಡ್‌ನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇದನ್ನು ಮಾಡಿದ್ದು ದಿನಪತ್ರಿಕೆಯ ಪಟ್ಟಿಚಿತ್ರ ಎಂದು. ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಆ ಪಟ್ಟಿಗಳನ್ನು ಕತ್ತರಿಸಿ 13 ಪುಟಕ್ಕೆ ಅಂಟಿಸಿ ಕೊಟ್ಟರು. ಪುಟಕ್ಕೆ 10 ಡಾಲರ್, ಒಟ್ಟು 130. ಪಾತ್ರದ ಹಕ್ಕೂ ಅದರ ಜೊತೆಗೇ ಹೋಯಿತು.

ಕಥೆ ಎಗರಿ ಎಗರಿ ಓಡುವುದು ಇದೇ ಕಾರಣಕ್ಕೆ. ಹುಟ್ಟಿನ ಕಥೆ ಒಂದೇ ಪುಟದಲ್ಲಿ ಮುಗಿಯುತ್ತದೆ. ಗ್ರಹಕ್ಕೆ ಹೆಸರೂ ಇಲ್ಲ, ಸಾಕಿದ ಅಪ್ಪ ಅಮ್ಮನೂ ಇಲ್ಲ, ಮಗು ಅನಾಥಾಶ್ರಮಕ್ಕೆ ಹೋಗುತ್ತದೆ. ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುತ್ತದೆ, ಮಿಡತೆ ಅಷ್ಟು ದೂರ ಎಗರುತ್ತದೆ, ಇವನೂ ಹಾಗೇ ಎಂದು ‘ವಿಜ್ಞಾನದ’ ವಿವರಣೆ. ತಕ್ಷಣ ಮುಂದಿನ ಪುಟದಲ್ಲಿ ಅವನು ಕಟ್ಟಿಹಾಕಿದ ಹೆಂಗಸೊಬ್ಬಳನ್ನು ಹೊತ್ತುಕೊಂಡು ಗವರ್ನರ್ ಮನೆಗೆ ಓಡುತ್ತಿದ್ದಾನೆ. ಯಾರಿವಳು? ಇದಕ್ಕೆ ಮುಂಚಿನ ಭಾಗ ಜಾಗ ಸಾಲದೆ ಕೈಬಿಟ್ಟದ್ದು, ಮರುವರ್ಷ ಅವನ ಹೆಸರಿನದೇ ಪತ್ರಿಕೆ ಬಂದಾಗ ಸೇರಿಸಿದರು.

ಆಮೇಲೆ ಅವನು ಎದುರು ಹಾಕಿಕೊಳ್ಳುವುದು ಯಾರನ್ನು ನೋಡಿ. ತಪ್ಪು ಮಾಡದವಳಿಗೆ ಮರಣದಂಡನೆ ಕೊಡುವ ವ್ಯವಸ್ಥೆಯನ್ನು, ಹೆಂಡತಿಗೆ ಹೊಡೆಯುವ ಗಂಡನನ್ನು, ಕಾಸು ಕೊಟ್ಟು ಸೆನೆಟರ್‌ನನ್ನು ಕೊಂಡುಕೊಳ್ಳುವ ದಲ್ಲಾಳಿಯನ್ನು. ಬಾಹ್ಯಾಕಾಶದ ರಾಕ್ಷಸ ಒಬ್ಬನೂ ಇಲ್ಲ. ಆರ್ಥಿಕ ಕುಸಿತದ ವರ್ಷಗಳನ್ನು ಕಂಡ ಇಬ್ಬರು ಹುಡುಗರ ಸಿಟ್ಟು ಇದು. ಹೀಗೆ ಓದಿದರೆ ಅವನಿಗೆ ಹಾರಲು ಬರುವುದಿಲ್ಲ ಎನ್ನುವುದು ಕೊರತೆ ಅನ್ನಿಸುವುದಿಲ್ಲ.

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಈ ಎಗರಾಟ ಪರಿಚಿತ. 1964ರಲ್ಲಿ ಶುರುವಾಗಿ 1990ರವರೆಗೆ ಬಂದ, ಕನ್ನಡದಲ್ಲೂ ಸಿಗುತ್ತಿದ್ದ ಆ ಪುಸ್ತಕಗಳಲ್ಲಿನ ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಕಥೆಗಳೂ ಪತ್ರಿಕೆಯ ಪಟ್ಟಿಗಳನ್ನೇ ಪುಟಕ್ಕೆ ಜೋಡಿಸಿದ್ದು. ಎರಡು ಮೂರು ಚೌಕಕ್ಕೊಮ್ಮೆ ಸಣ್ಣ ಕುತೂಹಲ, ನಿನ್ನೆ ಆದದ್ದನ್ನು ಇವತ್ತು ಇನ್ನೊಮ್ಮೆ ಹೇಳುವುದು ಎಲ್ಲ ಅದಕ್ಕೇ. ಆ ಅಭ್ಯಾಸ ಇದ್ದವರಿಗೆ 1938ರ ಪುಟಗಳು ಬೇಗ ಒಗ್ಗುತ್ತವೆ.

ಹಂತ 6: ಜೋಡಿ ಓದು

ನನಗೆ ಅತಿ ಹೆಚ್ಚು ಖುಷಿ ಕೊಡುವ ಹಂತ ಇದು. ಒಂದೇ ಹೆಸರಿನ ಎರಡು ವೀರರನ್ನು, 1940ರವನನ್ನೂ ಅವನ ಹೊಸ ಅವತಾರವನ್ನೂ, ಒಂದರ ಹಿಂದೆ ಒಂದು ಓದಿ.

ಗ್ರೀನ್ ಲ್ಯಾಂಟರ್ನ್ ತೆಗೆದುಕೊಳ್ಳಿ. 1940ರ ಆಲನ್ ಸ್ಕಾಟ್‌ಗೆ ಶಕ್ತಿ ಬರುವುದು ಮಾಯದ ದೀಪದಿಂದ. 1959ರ ಹಾಲ್ ಜೋರ್ಡನ್ ವಿಮಾನ ಪರೀಕ್ಷಿಸುವ ಪೈಲಟ್. ಸಾಯುತ್ತಿರುವ ಅನ್ಯಗ್ರಹದವನೊಬ್ಬ ಉಂಗುರ ಕೊಟ್ಟು ಹೋಗುತ್ತಾನೆ, ಇವನು ಬಾಹ್ಯಾಕಾಶದ ಪೊಲೀಸ್ ಆಗುತ್ತಾನೆ. 1940ರ ಹಾಕ್‌ಮ್ಯಾನ್ ಈಜಿಪ್ಟಿನ ರಾಜಕುಮಾರನ ಪುನರ್ಜನ್ಮ. 1961ರ ಹಾಕ್‌ಮ್ಯಾನ್ ಥನಗಾರ್ ಗ್ರಹದಿಂದ ಬಂದ ಪೊಲೀಸ್. ಇಪ್ಪತ್ತು ವರ್ಷದಲ್ಲಿ ಮಾಟ, ಪುನರ್ಜನ್ಮ ಹೋಗಿ ಗ್ರಹ, ನೌಕೆ ಬಂದಿವೆ.

ಕಾರಣ ಎರಡು. ಒಂದು, ಕಾಲ. 1957ರ ಅಕ್ಟೋಬರ್‌ನಲ್ಲಿ ಸ್ಪುಟ್ನಿಕ್ ಹಾರಿತು, 1961ರ ಏಪ್ರಿಲ್‌ನಲ್ಲಿ ಗಗಾರಿನ್. ಅದೇ ವರ್ಷ ಬಂದ ‘ಫೆಂಟಾಸ್ಟಿಕ್ ಫೋರ್’ ಮೊದಲ ಸಂಚಿಕೆಯಲ್ಲಿ ಆ ನಾಲ್ವರು ಸರಿಯಾದ ತಯಾರಿ ಇಲ್ಲದೆ ರಾಕೆಟ್ ಹತ್ತುವುದು ಕಮ್ಯುನಿಸ್ಟರಿಗಿಂತ ಮುಂಚೆ ಹೋಗಬೇಕೆಂಬ ಅವಸರದಲ್ಲಿ. ಕಾಸ್ಮಿಕ್ ಕಿರಣ ಬಡಿಯುತ್ತದೆ. ಮುಂದಿನ ವರ್ಷ ಹಲ್ಕ್‌ಗೆ ಗಾಮಾ ಬಾಂಬು, ಸ್ಪೈಡರ್‌ಮ್ಯಾನ್‌ಗೆ ವಿಕಿರಣ ತಗುಲಿದ ಜೇಡ. ಎಲ್ಲ ಕಡೆ ಅಣುವಿನ ಭಯ.

ಇನ್ನೊಂದು ಕಾರಣ ಶ್ವಾರ್ಟ್ಸ್. ಕಾಮಿಕ್ಸ್‌ಗೆ ಬರುವ ಮುಂಚೆ ಅವರು ಸೈನ್ಸ್ ಫಿಕ್ಷನ್ ಬರಹಗಾರರ ಏಜೆಂಟ್. ಬ್ರಾಡ್‌ಬರಿಯ ಆರಂಭದ ಕಥೆಗಳನ್ನು ಪತ್ರಿಕೆಗಳಿಗೆ ಮಾರಿದವರೇ ಅವರು. ಹಳೆ ವೀರರನ್ನು ಮತ್ತೆ ಕಟ್ಟುವ ಕೆಲಸ ಬಂದಾಗ ತನಗೆ ಗೊತ್ತಿದ್ದ ಸಾಮಾನನ್ನೇ ಬಳಸಿದರು. ಅವರದೇ ಸಂಪಾದನೆಯ ‘ಮಿಸ್ಟರಿ ಇನ್ ಸ್ಪೇಸ್’ನಲ್ಲಿ ಆಡಂ ಸ್ಟ್ರೇಂಜ್ ಕಥೆಗಳಿವೆ. ಭೂಮಿಯ ಪುರಾತತ್ವಜ್ಞನೊಬ್ಬ ಜೀಟಾ ಕಿರಣಕ್ಕೆ ಸಿಕ್ಕಿ ರಾನ್ ಗ್ರಹಕ್ಕೆ ಹೋಗುತ್ತಾನೆ. ಕಿರಣದ ಪ್ರಭಾವ ಇಳಿದ ಕೂಡಲೇ, ಪ್ರೀತಿಸಿದವಳನ್ನು ಅಲ್ಲೇ ಬಿಟ್ಟು ಭೂಮಿಗೆ ವಾಪಸ್. ಮುಷ್ಟಿಗಿಂತ ತಲೆ ಓಡಿಸಿ ಗೆಲ್ಲುವವನು. ಬರಹ ಗಾರ್ಡನರ್ ಫಾಕ್ಸ್, ಚಿತ್ರ ಕಾರ್ಮೈನ್ ಇನ್‌ಫಾಂಟಿನೊ. ಸಿಲ್ವರ್ ಏಜ್‌ನಲ್ಲಿ ಒಂದೇ ಒಂದು ಸರಣಿ ಓದುತ್ತೇನೆ ಅಂದರೆ ನಾನು ಇದನ್ನೇ ಕೈಗೆ ಕೊಡುತ್ತೇನೆ.

ಜೋಡಿ ಓದಿನ ಕೊನೆಗೆ ಫ್ಲ್ಯಾಶ್ ಇಟ್ಟುಕೊಳ್ಳಿ. 1940ರ ಜೇ ಗ್ಯಾರಿಕ್ ‘ಗಡಸು ನೀರಿನ’ ಆವಿ ಕುಡಿದು ವೇಗ ಪಡೆದವನು. 1956ರ ಬ್ಯಾರಿ ಅಲೆನ್‌ಗೆ ಸಿಡಿಲು ಹೊಡೆದು ಮೈಮೇಲೆ ರಾಸಾಯನಿಕ ಬೀಳುತ್ತದೆ. ಬ್ಯಾರಿ ನಮಗೆ ಕಾಣುವ ಮೊದಲ ಪುಟದಲ್ಲಿ ಓದುತ್ತಿರುವುದೇನು ಗೊತ್ತಾ? ಹಳೆಯ ಫ್ಲ್ಯಾಶ್ ಕಾಮಿಕ್ಸ್! ಅವನ ಪಾಲಿಗೆ ಜೇ ಬರೀ ಕಥೆಯ ಪಾತ್ರ. 1961ರ ‘ಫ್ಲ್ಯಾಶ್’ 123ರಲ್ಲಿ ಬ್ಯಾರಿ ಇನ್ನೊಂದು ಭೂಮಿಗೆ ದಾಟಿ ಜೇಯನ್ನು ನಿಜವಾಗಿ ಭೇಟಿಯಾಗುತ್ತಾನೆ. ಬರೆದವರು ಗಾರ್ಡನರ್ ಫಾಕ್ಸ್. 1940ರಲ್ಲಿ ಜೇ ಗ್ಯಾರಿಕ್‌ನ ಮೊದಲ ಕಥೆ ಬರೆದವರೂ ಅವರೇ. ಇವತ್ತಿನ ಸಿನಿಮಾಗಳ ಮಲ್ಟಿವರ್ಸ್ ಗದ್ದಲದ ಬೇರು ಈ ಒಂದು ಸಂಚಿಕೆಯಲ್ಲಿದೆ. ಮೂರನ್ನೂ ಇದೇ ಕ್ರಮದಲ್ಲಿ ಓದಿ. ಮೂರನೆಯದನ್ನು ಮೊದಲು ಓದಿದರೆ ಅರ್ಧ ಮಜಾ ಹೋಯಿತು.

ಹಂತ 7: ಸಹಿ ನಂಬಬೇಡಿ, ಕೈ ಗುರುತಿಸಿ

ಹಳೆ ಕಥೆಗಳಲ್ಲಿ ಹೆಸರು ಹಾಕುವ ಪದ್ಧತಿ ಕಡಿಮೆ. ಹಾಕಿದರೂ ನಂಬುವ ಹಾಗಿಲ್ಲ. ಬ್ಯಾಟ್‌ಮ್ಯಾನ್ ಕಥೆಗಳ ಮೇಲೆಲ್ಲ ಚಿತ್ರಗಾರ ಬಾಬ್ ಕೇನ್ ಹೆಸರಿತ್ತು. ಆದರೆ ಜೆರ್ರಿ ರಾಬಿನ್ಸನ್, ಡಿಕ್ ಸ್ಪ್ರ್ಯಾಂಗ್ ಮುಂತಾದವರು ಹೆಸರಿಲ್ಲದೆ ಬಿಡಿಸಿದ ಪುಟಗಳು ರಾಶಿ ಇವೆ. ಪಾತ್ರವನ್ನು ರೂಪಿಸಿ ಮೊದಲ ಕಥೆ ಬರೆದ ಬಿಲ್ ಫಿಂಗರ್‌ಗೆ ಅಧಿಕೃತವಾಗಿ ಹೆಸರು ಸಿಕ್ಕಿದ್ದು 2015ರಲ್ಲಿ. ಅವರು ತೀರಿಕೊಂಡು ಆಗಲೇ ನಾಲ್ಕು ದಶಕ ಕಳೆದಿತ್ತು.

ಕೈ ಗುರುತಿಸಲು ಕೈಗಳನ್ನೇ ನೋಡಿ. ಕರ್ಬಿಯ ಬೆರಳು ದಪ್ಪ, ತುದಿ ಚೌಕ, ಮುಷ್ಟಿ ಪುಟದಿಂದ ಹೊರಗೆ ಬರುವಂತಿರುತ್ತದೆ. ಡಿಟ್ಕೊನ ಬೆರಳು ಉದ್ದ, ಭಯವೂ ಸಿಟ್ಟೂ ಬೆರಳ ತುದಿಯಲ್ಲೇ. ಇನ್‌ಫಾಂಟಿನೊ ಅಗಲವಾದ ಚೌಕದಲ್ಲಿ, ದೂರದಲ್ಲಿ ತೆಳ್ಳಗೆ ನಗರದ ಕಟ್ಟಡ ಸಾಲು ಬಿಡಿಸುತ್ತಾರೆ. ‘ಪ್ಲಾನೆಟ್ ಕಾಮಿಕ್ಸ್’ ಓದುವಾಗ ಲಿಲಿ ರೆನೆ, ಫ್ರಾನ್ ಹಾಪರ್ ಎಂಬ ಹೆಸರುಗಳನ್ನು ಗಮನದಲ್ಲಿಡಿ. ಯುದ್ಧಕಾಲದಲ್ಲಿ ಅಲ್ಲಿ ಹೆಂಗಸರು ದೊಡ್ಡ ಕೆಲಸ ಮಾಡಿದ್ದಾರೆ. ರೆನೆ ಹಿಟ್ಲರ್‌ನ ಕಾಲದ ವಿಯೆನ್ನಾ ಬಿಟ್ಟು ಬಂದ ಯಹೂದಿ ಹುಡುಗಿ. ‘ದಿ ಲಾಸ್ಟ್ ವರ್ಲ್ಡ್’ ಸರಣಿಯಲ್ಲಿ ಭೂಮಿ ಆಕ್ರಮಿಸಿದ ಕ್ರೂರಿಗಳನ್ನು ಆಕೆ ಬಿಡಿಸಿದ್ದು ನೋಡಿದರೆ ಸುಮ್ನೆ ಕಲ್ಪನೆ ಅನ್ನಿಸುವುದಿಲ್ಲ. ನಿಮ್ಮ ಊಹೆ ಸರಿಯೇ ಎಂದು ‘ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್’ ತಾಣದಲ್ಲಿ ಹೋಲಿಸಿ.

ಹಂತ 8: ಅಸಹ್ಯ ಎನಿಸುವ ಪುಟಗಳು

ಬರುತ್ತವೆ, ತಪ್ಪಿಸಲಾಗುವುದಿಲ್ಲ. ಯುದ್ಧಕಾಲದ ಕಥೆಗಳಲ್ಲಿ ಜಪಾನಿಯರನ್ನು ಕೋರೆಹಲ್ಲಿನ ಹಳದಿ ಪ್ರಾಣಿಗಳ ಹಾಗೆ ಬಿಡಿಸಿದ್ದಾರೆ. ಕಪ್ಪು ಪಾತ್ರಗಳು ದಪ್ಪ ತುಟಿಯ ಕೋಡಂಗಿಗಳು. ‘ಪೂರ್ವದೇಶ’ ಬಂದರೆ ಪೇಟ, ಹಾವು, ಮಾಟ. ಕೆಲವು ಮರುಮುದ್ರಣಗಳಲ್ಲಿ ಇವನ್ನು ತಿದ್ದಿದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ. ಇದ್ದದ್ದು ಇದ್ದ ಹಾಗೆ ಕಾಣಲಿ. ಮಕ್ಕಳ ಕೈಗೆ ಕೊಡುವ ಮುಂಚೆ ಮಾತ್ರ ನೀವು ಒಮ್ಮೆ ಓದಿ, ಬೇಕಾದರೆ ಪಕ್ಕದಲ್ಲಿ ಕೂತು ವಿವರಿಸಿ.

ಹಂತ 9: ಒಂದು ಟಿಪ್ಪಣಿ ಪುಸ್ತಕ

ಕಥೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಓದಿದ ತಕ್ಷಣ ನಾಲ್ಕು ಸಾಲು ಬರೆದಿಡಿ. ಹೀಗೆ:

‘ವಿಯರ್ಡ್ ಫ್ಯಾಂಟಸಿ’ 18, ಮಾರ್ಚ್–ಏಪ್ರಿಲ್ 1953. ‘ಜಡ್ಜ್‌ಮೆಂಟ್ ಡೇ’, 7 ಪುಟ. ಫೆಲ್ಡ್‌ಸ್ಟೀನ್, ಒರ್ಲಾಂಡೊ. ಹೆಲ್ಮೆಟ್ ಕೊನೆವರೆಗೂ ತೆಗೆಯುವುದಿಲ್ಲ.

ಕೊನೆಯ ಸಾಲು ಮುಖ್ಯ. ಕಥೆಯ ಸಾರಾಂಶ ಬರೆಯಬೇಡಿ, ಅದು ಎಲ್ಲ ಕಡೆ ಸಿಗುತ್ತದೆ. ನಿಮ್ಮ ಕಣ್ಣಿಗೆ ಬಿದ್ದ ಒಂದೇ ಸಂಗತಿ ಬರೆಯಿರಿ.

ಹಂತ 10: ಅಸಲಿ ಪ್ರತಿ ಕೊಳ್ಳುವ ಆಸೆ ಬಂದರೆ

ಓದುವ ಆಸೆಗೆ ಅಸಲಿ ಪ್ರತಿ ಬೇಕಿಲ್ಲ. ಆದರೂ ಒಂದಾದರೂ ಕೈಯಲ್ಲಿ ಹಿಡಿಯಬೇಕು ಅನ್ನಿಸುವುದು ಸಹಜ. ಹೆಸರಾಂತ ಮೊದಲ ಸಂಚಿಕೆಗಳ ಆಸೆ ಬಿಡಿ, ಅವು ಕೋಟಿಗಳ ಮಾತು. 1960ರ ದಶಕದ, ಯಾರೂ ಅಷ್ಟಾಗಿ ಕೇಳದ ಸೈನ್ಸ್ ಫಿಕ್ಷನ್ ಸಂಚಿಕೆ, ಸ್ವಲ್ಪ ಮುದುರಿದ್ದರೂ ಪರವಾಗಿಲ್ಲ ಅಂದರೆ ಕೈಗೆಟುಕುತ್ತದೆ.

ಮೊದಲು ಅಳತೆ ನೋಡಿ. 1960ರ ದಶಕದ ಅಮೆರಿಕನ್ ಕಾಮಿಕ್ಸ್ ಸುಮಾರು 7 ಇಂಚು ಅಗಲ, 10¼ ಇಂಚು ಎತ್ತರ. ಅದಕ್ಕೆ ಹಿಂದಿನವು ಸ್ವಲ್ಪ ಅಗಲ. 1974ರಲ್ಲಿ ಡಿ.ಸಿ.ಯೇ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯನ್ನು ದೊಡ್ಡ ಅಳತೆಯಲ್ಲಿ ಮರುಮುದ್ರಿಸಿತು. ಅದರ ಹೊರ ರಟ್ಟು ಕಿತ್ತರೆ ಒಳಗೆ ಹಳೆಯ ಮುಖಪುಟವೇ ಕಾಣುತ್ತದೆ, 10 ಸೆಂಟ್ ಬೆಲೆಯ ಸಮೇತ. ಅದನ್ನು ಅಸಲಿ ಎಂದು ಮಾರುವವರು ಇದ್ದಾರೆ. ಸ್ಕೇಲ್ ಹಿಡಿದರೆ ಬಣ್ಣ ಬಯಲು.

ಆಮೇಲೆ ಪಿನ್ನು. ತುಕ್ಕು ಕಾಗದಕ್ಕೆ ಹರಡಿದೆಯೇ, ನಡುವಿನ ಜೋಡಿ ಪುಟ ಪಿನ್ನಿಗೆ ಅಂಟಿಕೊಂಡಿದೆಯೇ ನೋಡಿ. ಪುಟ ಪೂರ್ತಿ ಎಣಿಸಿ. ಜಾಹೀರಾತಿನ ಕೂಪನ್ ಕತ್ತರಿಸಿಕೊಂಡಿದ್ದರೆ ಅದರ ಹಿಂದಿನ ಕಥೆಯ ಒಂದು ಚೌಕವೂ ಹೋಗಿರುತ್ತದೆ. ಇದು ಬಹಳ ಸಾಮಾನ್ಯ, ಮಾರುವವರು ತಾವಾಗಿ ಹೇಳುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟ ಪ್ರತಿಗಳೂ ಸಿಗುತ್ತವೆ. ಡಬ್ಬಿ ಒಡೆಯದೆ ಓದಲು ಬರುವುದಿಲ್ಲ, ಹಾಗಾಗಿ ನಮಗೆ ಅದು ಬೇಡ.

ಮನೆಗೆ ತಂದ ಮೇಲೆ ಆಮ್ಲರಹಿತ ರಟ್ಟು ಇಟ್ಟು, ಪಾಲಿಯೆಸ್ಟರ್ ಕವರ್‌ನಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ನ್ಯೂಸ್‌ಪ್ರಿಂಟ್‌ನಲ್ಲೇ ಆಮ್ಲ ಇರುತ್ತದೆ, ಬಿಸಿಲು ಬಿದ್ದಷ್ಟೂ ಬೇಗ ಕಂದಾಗಿ ಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗೋಡೆಗೆ ತಾಗಿಸಿ ಇಡಬೇಡಿ. ತಿಂಗಳಿಗೊಮ್ಮೆ ತೆಗೆದು ಬೆಳ್ಳಿಹುಳ ಹತ್ತಿದೆಯೇ ನೋಡಿ. ತೆಗೆದಾಗ ಹೇಗೂ ಕೈ ಒಣಗಿರಬೇಕು, ಒಂದು ಕಥೆ ಓದಿಯೇ ವಾಪಸ್ ಇಡಿ.